ನಲವತ್ತೊಂದನೇ ಮನೆಯ ಆಡು

ನಮ್ಮ ಮನೆಯ ಬರೆಯುವ ಮೇಜಿಗೆ ನಾಲ್ಕು ಕಾಲಿದ್ದರೂ ನೆಲಕ್ಕೆ ತಾಗುವುದು ಮೂರೇ. ನಾಲ್ಕನೆಯದು ಯಾವುದು ಎಂಬುದನ್ನು ಮೇಜೇ ಆಗಾಗ ಬದಲಾಯಿಸುತ್ತಿರುತ್ತದೆ. ಮೊಣಕೈಯನ್ನು ಎಡಕ್ಕೆ ಊರಿದರೆ ಬಲಗಡೆಯದು ಮೇಲೇಳುತ್ತದೆ, ಬಲಕ್ಕೆ ಊರಿದರೆ ಎಡಗಡೆಯದು. ಹುಣಸೂರಿಗೆ ಬಂದ ವರ್ಷವೇ ಬಡಗಿಯನ್ನು ಕರೆಸಿ ತೋರಿಸಿದೆ. ಅವನು ಮೇಜನ್ನು ಎರಡು ಸಲ ಅಲ್ಲಾಡಿಸಿ ನೋಡಿ, ದೋಷ ಮೇಜಿನದಲ್ಲ, ನೆಲದ್ದು ಎಂದ. ನೆಲ ಮಾಡಿದ ಗಾರೆಯವನನ್ನು ಕೇಳಿದರೆ ನೆಲ ಮಟ್ಟಸವಾಗಿದೆ, ಮೇಜೇ ಸೊಟ್ಟ ಎಂದ. ಇಬ್ಬರ ಮಾತಿಗೂ ಮರ್ಯಾದೆ ಕೊಟ್ಟು ಕೆಲವು ವರ್ಷ ಹಾಗೇ ಬಿಟ್ಟಿದ್ದ ನಾನು ಕೊನೆಗೊಮ್ಮೆ ಒಂದು ಕಾಲಿನ ಕೆಳಗೆ ಕಾಗದವೊಂದನ್ನು ಮಡಿಸಿ ತುರುಕಿದೆ. ಆ ಕಾಗದ ಯಾವುದೆಂಬ ಸಂಗತಿ ಸ್ವಲ್ಪ ಅವಮಾನದ್ದಾದ್ದರಿಂದ ಅದನ್ನು ಆಮೇಲೆ ಹೇಳುತ್ತೇನೆ.

ಅಲ್ಲಾಡು ಎಂಬ ಮಾತನ್ನು ಒಂದು ದಿನ ಸುಮ್ಮನೆ ಬಾಯಲ್ಲಿ ಹೊರಳಿಸುತ್ತ ಕೂತಿದ್ದಾಗ ಅದರ ಬಾಲದಲ್ಲಿ ‘ಆಡು’ ಇರುವುದು ಗಮನಕ್ಕೆ ಬಂತು. ನೀವೂ ಬೇಕಾದರೆ ಎಣಿಸಿ ನೋಡಿ. ನಮ್ಮ ಭಾಷೆಯಲ್ಲಿ ದಣಿದ ಮನುಷ್ಯನಿಗೆ ಬೇಕಾದ ಕ್ರಿಯಾಪದಗಳೆಲ್ಲ ಆಡಿನಲ್ಲೇ ಮುಗಿಯುತ್ತವೆ. ಒದ್ದಾಡು, ಪರದಾಡು, ಹೆಣಗಾಡು, ತಿಣುಕಾಡು, ಗೋಳಾಡು. ಬಸ್ಸಿಗಾಗಿ ಓಡಾಡುತ್ತೇವೆ, ಸೀಟಿಗಾಗಿ ಗುದ್ದಾಡುತ್ತೇವೆ, ಸಿಕ್ಕದಿದ್ದರೆ ಕಂಬಿ ಹಿಡಿದು ತೂರಾಡುತ್ತೇವೆ; ಇಷ್ಟೆಲ್ಲ ಆದ ಮೇಲೂ ಹೇಗೋ ಉಸಿರಾಡುತ್ತೇವೆ. ಈ ಭಾಷೆಯನ್ನು ಕಟ್ಟಿದ ಹಿರಿಯರು ಬಹಳ ತಮಾಷೆಯವರಿರಬೇಕು, ಇಲ್ಲವೇ ಬಹಳ ದಣಿದವರಿರಬೇಕು ಎಂದುಕೊಂಡೆ. ಎರಡೂ ಒಂದೇ ಇರಬಹುದು ಎಂದು ನನಗೆ ಹೊಳೆದದ್ದು ತೀರ ಈಚೆಗೆ, ಅದೂ ಕಂಪಲಾಪುರದ ಒಬ್ಬ ಬ್ಯಾಂಡಿನವನ ಹಲ್ಲಿನ ದೆಸೆಯಿಂದ.

ನನ್ನ ವೃತ್ತಾಂತವನ್ನು ಮೊದಲು ಹೇಳಿ ಮುಗಿಸುತ್ತೇನೆ, ಅದು ಉದ್ದವೇನಿಲ್ಲ. ಮೈಸೂರಿನ ಒಂದು ದೊಡ್ಡ ವಾದ್ಯವೃಂದದಲ್ಲಿ ಹದಿನಾರು ವರ್ಷ ಪಿಟೀಲು ನುಡಿಸಿದವನು ನಾನು, ಎರಡನೇ ಪಿಟೀಲು. ಮೊದಲನೇ ಪಿಟೀಲಿನವರು ಸ್ವರವನ್ನು ಹಿಡಿದು ಮೇಲಕ್ಕೆ ಹತ್ತುವಾಗ ಕೆಳಗೆ ಏಣಿ ಹಿಡಿದು ನಿಲ್ಲುವುದು ನಮ್ಮ ಕೆಲಸ. ಕಾಲ ಬದಲಾಯಿತು, ವೃಂದ ಸಣ್ಣದಾಯಿತು, ಏಣಿ ಹಿಡಿಯುವವರು ಅಷ್ಟೊಂದು ಜನ ಬೇಡವಾದರು. ನಾನು ಶಾಲೆಯ ಸಂಗೀತದ ಮೇಷ್ಟ್ರಾಗಿ ಹುಣಸೂರಿಗೆ ಬಂದೆ. ಹುಣಸೂರಿಗೆ ಬಂದೆ ಅನ್ನುವುದಕ್ಕಿಂತ ಬಸ್ಸಿಗೆ ಬಂದೆ ಅನ್ನುವುದು ಸತ್ಯಕ್ಕೆ ಹತ್ತಿರ. ವಾರದ ಮೊದಲೆರಡು ದಿನ ಹುಣಸೂರು, ಬುಧವಾರ ಪಿರಿಯಾಪಟ್ಟಣ, ಗುರುವಾರ ಕೃಷ್ಣರಾಜನಗರ, ಶುಕ್ರವಾರ ಹೆಗ್ಗಡದೇವನಕೋಟೆ. ನಾಲ್ಕು ಊರಿನಲ್ಲೂ ಒಂದೇ ಪ್ರಾರ್ಥನೆ ಕಲಿಸಬೇಕು. ಹುಣಸೂರಿನಲ್ಲಿ ಹದವಾದ ಶ್ರುತಿಗೆ ಹಿಡಿದ ಪ್ರಾರ್ಥನೆ ಕೋಟೆ ತಲುಪುವ ಹೊತ್ತಿಗೆ ಬಸ್ಸಿನ ಕುಲುಕಾಟಕ್ಕೋ ಏನೋ ಒಂದೆರಡು ಮೆಟ್ಟಿಲು ಕೆಳಗಿಳಿದಿರುತ್ತಿತ್ತು. ನೋಡಿ, ಕುಲುಕಾಟದಲ್ಲೂ ಆಟ. ನನಗಂತೂ ಆಟವಾಗಿರಲಿಲ್ಲ. ನಾನು ದಣಿದಿದ್ದೆ, ರಾತ್ರಿ ಮಲಗಿದರೆ ಹೋಗುವ ದಣಿವಲ್ಲ, ಬೆಳಗ್ಗೆ ಎದ್ದು ಮುಖ ತೊಳೆಯುವಾಗ ಕನ್ನಡಿಯಲ್ಲಿ ನಮಗಿಂತ ಮೊದಲೇ ಎದ್ದು ಕಾಯುತ್ತಿರುವ ದಣಿವು.

ಹೀಗಿರುವಾಗ, ವೃಂದದಲ್ಲಿ ಕೋಲು ಹಿಡಿದು ನಮ್ಮನ್ನೆಲ್ಲ ನಡೆಸುತ್ತಿದ್ದ ಹಿರಿಯರಿಂದ ಒಂದು ಕಾಗದ ಬಂತು. ಈ ಕಾಲದವರೇ ಬರೆದ ಹೊಸ ವಾದ್ಯವೃಂದ ರಚನೆಗಳ ಕಛೇರಿಯೊಂದನ್ನು ಮಾಡಬೇಕೆಂದಿದ್ದೇನೆ, ಹತ್ತು ನಿಮಿಷದ್ದೊಂದನ್ನು ನೀವೂ ಬರೆದು ಕಳಿಸಿ ಎಂದಿದ್ದರು. ಹದಿನಾರು ವರ್ಷ ಬೇರೆಯವರು ಬರೆದದ್ದನ್ನು ನುಡಿಸಿದವನಿಗೆ, ತಾನು ಬರೆದದ್ದನ್ನು ಬೇರೆಯವರು ನುಡಿಸುವಾಗ ಎದುರಿಗೆ ಕೂತು ಒಂದೇ ಒಂದು ಸಲ ಕೇಳಬೇಕೆಂಬ ಆಸೆ ಎಷ್ಟಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಗದವನ್ನು ಕೋಟೆಯ ಬಸ್ಸಿನಲ್ಲಿ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಓದಿದೆ. ತಿಂಗಳೊಪ್ಪತ್ತಿನಲ್ಲಿ ಬರೆದು ಕಳಿಸಿದೆ. ಹೊಸ ಕಾಲದ ಸಂಗೀತವೆಂದರೆ ಸ್ವರಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡು ಕೂರಬೇಕು ಎಂದು ಕೇಳಿದ್ದರಿಂದ ಅಲ್ಲಲ್ಲಿ ಹಾಗೆಯೇ ಕೂರಿಸಿದ್ದೆ. ವಾರದೊಳಗೆ ಅದು ವಾಪಸ್ಸು ಬಂತು. ಮೇಲೆ ಕೆಂಪು ಪೆನ್ಸಿಲಿನಲ್ಲಿ ಎರಡು ವಾಕ್ಯ: ‘ವ್ಯಾಕರಣ ಶುದ್ಧವಾಗಿದೆ. ಆಟವಿಲ್ಲ.’ ಮೇಜಿನ ಕಾಲಿನ ಕೆಳಗೆ ಹೋದದ್ದು ಆ ಹಾಳೆಯೇ.

ಎರಡನೆಯ ಸಲ ‘ಲೀಲೆಯಿಂದ’, ‘ವಿನೋದವಾಗಿ’, ‘ಕುಣಿಯುತ್ತ’ ಎಂದು ಪುಟಪುಟದ ಮೇಲೂ ಸೂಚನೆ ಬರೆದು ಕಳಿಸಿದೆ. ‘ವ್ಯಾಕರಣವೂ ಕೆಟ್ಟಿದೆ, ಆಟ ಇನ್ನೂ ಬಂದಿಲ್ಲ’ ಎಂದು ಅದೂ ಹಿಂದಿರುಗಿತು. ಜೊತೆಗೆ ಒಂದು ಚೀಟಿ: ಶ್ರಾವಣ ಮುಗಿಯುವುದರೊಳಗೆ ಕೊನೆಯದಾಗಿ ಇನ್ನೊಮ್ಮೆ ಕಳಿಸಿ, ಆಮೇಲೆ ಕಾಯಲಾರೆ, ಬರೆದದ್ದನ್ನು ಯಾರ ಕೈಲಾದರೂ ನುಡಿಸಿ, ಕಿವಿಯಿಂದ ಕೇಳಿ.

ಆಟವನ್ನು ಎಲ್ಲಿಂದ ತರುವುದು? ಅಂಗಡಿಯಲ್ಲಿ ಸಿಕ್ಕುವ ಪದಾರ್ಥವಲ್ಲ. ಸಂಜೆ ಏಳರಿಂದ ಎಂಟರವರೆಗೆ ವಿನೋದಪ್ರವೃತ್ತಿ ಎಂದು ಗೊತ್ತುಮಾಡಿಕೊಂಡು ಕೂತು ನೋಡಿದೆ. ಏಳೂಕಾಲಿಗೆ ಆಕಳಿಕೆ ಬಂತು. ಹೆಂಡತಿಯ ಜೊತೆ ಚೌಕಾಬಾರ ಆಡಿದರೆ ಮನಸ್ಸು ಸಡಿಲವಾದೀತೆಂದು ಅದನ್ನೂ ಮಾಡಿದೆ. ಕವಡೆ ಹಾಕುವುದಕ್ಕೆ ಮುಂಚೆ ಎಲ್ಲ ಮನೆಗಳನ್ನೂ ಬೆರಳಿನಿಂದ ಎಣಿಸಿ, ಎಷ್ಟು ಬಿದ್ದರೆ ಯಾವ ಕಾಯಿ ನಡೆಸಬೇಕೆಂದು ಯೋಚಿಸುತ್ತಿದ್ದ ನನ್ನನ್ನು ಅವಳು ಮೂರು ಆಟದವರೆಗೆ ಸಹಿಸಿದಳು. ನಾಲ್ಕನೆಯದಕ್ಕೆ, "ಏನ್ರೀ, ಆಡೋಕ್ಕೆ ಕೂತಿದ್ದೀರೋ, ತಿಥಿ ಮಾಡೋಕ್ಕೆ ಕೂತಿದ್ದೀರೋ?" ಎಂದು ಕವಡೆಗಳನ್ನು ಡಬ್ಬಿಗೆ ಹಾಕಿಕೊಂಡು ಎದ್ದುಹೋದಳು.

ಉಳಿದದ್ದು ನುಡಿಸಿ ಕೇಳುವ ದಾರಿ. ಹುಣಸೂರಿನಲ್ಲಿ ವಾದ್ಯವೃಂದವನ್ನು ಹುಡುಕುವುದೆಂದರೆ ಹೊಳೆಯ ಮರಳಿನಲ್ಲಿ ಉಪ್ಪು ಹುಡುಕಿದ ಹಾಗೆ. ಆದರೆ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯ ಕಂಪಲಾಪುರದಲ್ಲಿ ಮದುವೆಗಳಿಗೆ ಬಾರಿಸುವ ಒಂದು ಬ್ಯಾಂಡ್ ಸೆಟ್ಟಿತ್ತು. ಎಲ್ಲರೂ ಬೇಸಾಯದವರು. ಎರಡು ತುತ್ತೂರಿ, ಒಂದು ದೊಡ್ಡ ಪೀಪಿ, ದೊಡ್ಡ ಡೋಲಿಗೆ ಪುಟ್ಟಸ್ವಾಮಿ, ಮುಂದಾಳಾಗಿ ಕ್ಲಾರಿಯೊನೆಟ್ ಊದುವ ಸಿದ್ದಪ್ಪ. ವಿಭೂತಿಯ ಅಗಲವಾದ ಹಣೆ, ಊದಿ ಊದಿ ಜೋತ ಕೆನ್ನೆ, ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವನು. ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಅವರಿಗೆ ಬಿಡುವು. ಭಾನುವಾರ ಮಧ್ಯಾಹ್ನದ ಮೇಲೆ ಅವನ ಮನೆಯ ಹಿಂದಿನ ಕಣದಲ್ಲಿ ಸೇರುವುದೆಂದು ಗೊತ್ತಾಯಿತು. ವಾರಕ್ಕೆ ಒಂದು ದಿನ ಬಸ್ಸಿಲ್ಲದೆ ಇದ್ದ ನಾನು ಅದನ್ನೂ ಬಸ್ಸಿಗೆ ಒಪ್ಪಿಸಿದೆ.

ಮೊದಲನೆಯ ಭಾನುವಾರ ಅವರನ್ನೆಲ್ಲ ಕಣದ ಕಡೆಯ ಜಗಲಿಯ ಮೇಲೆ ಕೂರಿಸಿದೆ. ಒಬ್ಬರಿಗೂ ತಾಳ ನಿಲ್ಲಲಿಲ್ಲ. ಆಮೇಲೆ ಗೊತ್ತಾಯಿತು, ಮದುವೆ ಬ್ಯಾಂಡಿನವರಿಗೆ ತಾಳವಿರುವುದು ಕೈಯಲ್ಲಲ್ಲ, ಕಾಲಿನಲ್ಲಿ. ದಿಬ್ಬಣದ ಮುಂದೆ ನಡೆದು ನಡೆದು ಬಂದ ತಾಳ ಅದು. ಎಲ್ಲರೂ ಎದ್ದು ಕಣದ ಸುತ್ತ ನಡೆಯತೊಡಗಿದ ಮೇಲೆ ನನ್ನ ರಚನೆಗೆ ಜೀವ ಬಂತು. ನಾನೂ ಪಿಟೀಲನ್ನು ಕತ್ತಿಗೆ ಒತ್ತಿಕೊಂಡು ಅವರ ಹಿಂದೆ ಹಿಂದೆ ಸುತ್ತಿದೆ. ಸಿದ್ದಪ್ಪ ಮಾತ್ರ ಜಗಲಿ ಬಿಟ್ಟು ಏಳಲಿಲ್ಲ. ತಾಳ ತಪ್ಪಿದರೂ ತಪ್ಪಲಿ ಎಂದು ಕೂತೇ ಊದಿದ. ಯಾಕೆಂದು ಕೇಳಿದ್ದಕ್ಕೆ ಸ್ವಲ್ಪ ನಾಚಿಕೊಂಡ.

"ಮೂವತ್ತು ವರ್ಸದಿಂದ ನಡ್ಕಂಡೇ ಊದ್ತಾ ಇವ್ನಿ ಮೇಷ್ಟ್ರೇ. ನಾನು ಮುಂದೆ, ಎಣ್ಣು-ಗಂಡು ಇಂದೆ. ಯಾರೂ ನಿಂತ್ಕಂಡು ಕೇಳಕಿಲ್ಲ, ಎಲ್ರುಗೂ ಊಟದ ಮ್ಯಾಲೇ ಗ್ಯಾನ. ಒಂದ್ಸಲ ಕುರ್ಚಿ ಮ್ಯಾಲೆ ಕುಂತ್ಕಂಡು, ಕುಂತಿರೋರ್ಗೆ ಊದ್ಬೇಕು ಅಂತ ಆಸೆ ಕಣ್ರೀ."

ಮೈಸೂರಿನ ಕಛೇರಿಯ ವಿಷಯ ಅವನ ಕಿವಿಗೆ ಆಗಲೇ ಬಿದ್ದಿತ್ತು. ಅಂದಿನಿಂದ ನನ್ನ ಆಸೆಯ ಪಕ್ಕದಲ್ಲಿ ಅವನದೂ ಬಂದು ಕೂತಿತು. ಎರಡು ಆಸೆಗಳನ್ನು ಹೊತ್ತುಕೊಂಡು ಬಸ್ಸು ಹತ್ತುವುದು ಒಂದನ್ನು ಹೊತ್ತುಕೊಂಡು ಹತ್ತುವುದಕ್ಕಿಂತ ಭಾರ.

ಸ್ವರಲಿಪಿಯ ಐದು ಗೆರೆಯ ಮೇಲೆ ಅಡ್ಡಗೀಟು ಎಳೆದು ಮಾಡಿದ ಒಂದೊಂದು ಅಂಕಣವನ್ನೂ ಕಂಪಲಾಪುರದವರು ‘ಮನೆ’ ಎಂದು ಕರೆದರು, ಚೌಕಾಬಾರದ ಲೆಕ್ಕದಲ್ಲಿ. ಅವರಿಗೆ ಸ್ವರಲಿಪಿ ಬಾರದು. ನಾನು ಪಿಟೀಲಿನಲ್ಲಿ ನುಡಿಸಿ ತೋರಿಸುತ್ತಿದ್ದೆ, ಅವರು ಹಿಡಿದುಕೊಳ್ಳುತ್ತಿದ್ದರು. ‘ಮೆಲ್ಲಗೆ’, ‘ಜೋರಾಗಿ’, ‘ತಡೆದು’ ಮುಂತಾದ ಸೂಚನೆಗಳನ್ನು ಮಾತ್ರ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೆ. ಓದು ಬರುತ್ತಿದ್ದ ಪುಟ್ಟಸ್ವಾಮಿ ಅವುಗಳನ್ನು ಮಿಕ್ಕವರಿಗೆ ಓದಿ ಹೇಳುವನು. ನಲವತ್ತೊಂದನೇ ಮನೆ ನನ್ನ ರಚನೆಯ ಹೃದಯ ಎಂದು ನಾನು ತಿಳಿದಿದ್ದೆ. ಅಲ್ಲಿಗೆ ಬರುತ್ತಲೇ ಎಲ್ಲ ವಾದ್ಯಗಳೂ ನಿಂತು, ಕ್ಲಾರಿಯೊನೆಟ್ ಒಂದೇ ಒಂದು ದೀರ್ಘಸ್ವರವನ್ನು ಹಿಡಿದು, ಪ್ರಪಂಚದ ಸಮಸ್ತ ವಿಷಾದವನ್ನೂ ಹೇಳಬೇಕು. ಅದು ಬರಿಯ ಊದಾಗದೆ ಹಾಡಾಗಲಿ ಎಂದು ಅದರ ಮೇಲೆ ‘ಹಾಡು’ ಎಂದು ಬರೆದಿದ್ದೆ.

ಆಷಾಢದ ಮೂರನೆಯ ಭಾನುವಾರ, ಗಾಳಿ ಬಿಡದೆ ಬೀಸುತ್ತಿತ್ತು. ನಲವತ್ತು ಮನೆ ಸಾಂಗವಾಗಿ ಕಳೆದವು. ಎಲ್ಲರೂ ನಿಂತರು. ಸಿದ್ದಪ್ಪ ಉಸಿರು ತುಂಬಿಕೊಂಡು ಸ್ವರ ಹಿಡಿದ. ಒಂದು ಕ್ಷಣ ಅದು ನೆಟ್ಟಗೆ ನಿಂತಿತು. ಆಮೇಲೆ, ನನ್ನ ಕಿವಿಯನ್ನು ನಾನೇ ನಂಬಲಿಲ್ಲ, ಆ ಕರಿಯ ಕೊಳವೆಯಿಂದ ‘ಮ್ಯಾ…’ ಎಂದು ಆಡೊಂದು ಕೂಗಿತು. ಸುಮಾರಾದ ಆಡಲ್ಲ; ಹಟ್ಟಿಯಿಂದ ತಪ್ಪಿಸಿಕೊಂಡು, ಬೇರೆಯವರ ಹೊಲಕ್ಕೆ ನುಗ್ಗಿ, ಬಾಯಿ ತುಂಬ ಅವರೆ ಸೊಪ್ಪಿಟ್ಟುಕೊಂಡು ಯಜಮಾನನಿಗೆ ಉತ್ತರ ಕೊಡುವ ಆಡು. ಪಕ್ಕದ ಮನೆಯ ಹಿತ್ತಿಲಿನಿಂದ ನಿಜವಾದ ಆಡೊಂದು ಅದಕ್ಕೆ ಓಗೊಟ್ಟಿತು.

ಏನಿದು ಎಂದು ನಾನು ಕೂಗಿಕೊಂಡೆ. ಸಿದ್ದಪ್ಪ ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡು, "ಇಲ್ಲಿ ಆಡು ಅಂತ ಬರ್ದಿದ್ದೀರಂತಲ್ಲ ಮೇಷ್ಟ್ರೇ, ಅದ್ಕೇ ಆಡು ಕೂಗುಸ್ದೆ" ಎಂದ. ಪುಟ್ಟಸ್ವಾಮಿ ಹಾಳೆಯನ್ನು ನನ್ನ ಮುಂದೆ ಹಿಡಿದ. ಆಡು ಅಲ್ಲ, ಹಾಡು, ಹಾಡು ಎಂದು ನಾನು ಎದೆಯಿಂದ ಹಕಾರವನ್ನು ಎಳೆದೆಳೆದು ಹೇಳಿದೆ.

"ಅದೇ ಸ್ವಾಮಿ, ನಾನೂ ಅಂಗೇ ಓದುದ್ದು. ಆಡು!" ಎಂದ ಪುಟ್ಟಸ್ವಾಮಿ, ನೊಂದ ದನಿಯಲ್ಲಿ.

ಈ ಸೀಮೆಯ ಜನ ಹಕಾರವನ್ನು ಹಬ್ಬಕ್ಕೂ ಬಳಸುವುದಿಲ್ಲ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಇವರಿಗೆ ಹಬ್ಬವೇ ಅಬ್ಬ, ಹಳ್ಳಿಯೇ ಅಳ್ಳಿ. ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಪ್ರಾರ್ಥನೆಯಲ್ಲಿ ಹಕಾರ ಕೂಡಿಸುವುದಕ್ಕೇ ನನಗೆ ಸಂಬಳ ಬರುವುದು ಎಂದರೂ ಸಲ್ಲುತ್ತದೆ. ಆದರೆ ಹಾಡುವುದು, ಆಡುವುದು, ಮೇಯುವ ಆಡು, ಈ ಮೂರೂ ಇವರ ಬಾಯಲ್ಲಿ ಒಂದೇ ಮಾತು ಎಂಬುದು ಆವತ್ತಿನವರೆಗೆ ನನಗೆ ತಟ್ಟಿರಲಿಲ್ಲ. ತಟ್ಟಿದಾಗ ನಗು ಬರಲಿಲ್ಲ, ಸಿಟ್ಟು ಬಂತು. ನನ್ನ ಸಮಸ್ತ ವಿಷಾದ ಮ್ಯಾ ಎಂದಿತ್ತು! ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು, ಯಾರಿಗೂ ಬರುತ್ತೇನೆ ಎನ್ನದೆ ರಸ್ತೆಗೆ ಬಂದು ಸಿಕ್ಕಿದ ಬಸ್ಸು ಹತ್ತಿದೆ.

ಬಸ್ಸು ಕಂಪಲಾಪುರ ದಾಟಿ ಒಂದು ಮೈಲಿ ಬಂದಿರಬೇಕು. ಓಗೊಟ್ಟ ಆ ಹಿತ್ತಿಲಿನ ಆಡು ನೆನಪಾಯಿತು. ನನ್ನ ರಚನೆಯನ್ನು ಕೇಳಿ ಮನಸ್ಸಿನಿಂದ ಉತ್ತರ ಕೊಟ್ಟ ಮೊದಲನೆಯ ಶ್ರೋತೃ ಅದು ಎಂದು ಹೊಳೆಯಿತು. ನಗು ಒತ್ತಿಕೊಂಡು ಬಂತು. ತಡೆಯಲು ಕೆಮ್ಮಿದೆ, ಆಗಲಿಲ್ಲ. ನೋಡುತ್ತ ನೋಡುತ್ತ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ. ಟಿಕೀಟು ಕೊಡುವವನು ಹತ್ತಿರ ಬಂದು, "ಯಾಕ್ ಸ್ವಾಮಿ, ಮೈಯಾಗೆ ಉಸಾರಿಲ್ವ್ರಾ?" ಎಂದು ವಿಚಾರಿಸಿದ. ನಾಲ್ಕು ವರ್ಷದಿಂದ ಅದೇ ದಾರಿಯಲ್ಲಿ ನನ್ನನ್ನು ಕಂಡವನು, ನಾನು ನಕ್ಕದ್ದನ್ನು ಕಾಯಿಲೆಯೆಂದು ತಿಳಿದದ್ದರಲ್ಲಿ ಅವನ ತಪ್ಪಿಲ್ಲ.

ಮನೆಗೆ ಬಂದು ಮೇಜಿನ ಮುಂದೆ ಕೂತೆ. ನಲವತ್ತೊಂದನೇ ಮನೆಯ ಮೇಲಿದ್ದ ‘ಹಾಡು’ ಎಂಬುದರ ಹಕಾರವನ್ನು ಹೊಡೆದು ‘ಆಡು’ ಎಂದು ಮಾಡಿದೆ. ಇಷ್ಟು ಮಾಡಿದ ಮೇಲೆ ಮುಂದಿನ ಮನೆಗಳು ಸುಮ್ಮನಿರಲು ಹೇಗೆ ಸಾಧ್ಯ? ಎಲ್ಲೋ ಆಡು ಕೂಗಿದರೆ ಯಾರಾದರೂ ತಲೆಯೆತ್ತಿ ನೋಡಲೇಬೇಕು. ಹಾಗಾಗಿ ನಲವತ್ತೆರಡನೇ ಮನೆಯಲ್ಲಿ ಎಲ್ಲರೂ ಮೌನ. ನಲವತ್ತಮೂರರಲ್ಲಿ ಮೊದಲನೇ ಪಿಟೀಲುಗಳು ‘ಏನದು?’ ಎಂದು ಎರಡು ಸ್ವರದಲ್ಲಿ ಕೇಳುತ್ತವೆ. ಎರಡನೇ ಪಿಟೀಲುಗಳು ‘ಏನಿಲ್ಲ’ ಎನ್ನುತ್ತವೆ, ಯಾಕೆಂದರೆ ಹದಿನಾರು ವರ್ಷ ಅವು ಹೇಳುತ್ತ ಬಂದದ್ದು ಅದನ್ನೇ. ತುತ್ತೂರಿ ಯಜಮಾನನ ಹಾಗೆ ಬೇಲಿಯ ಆಚೆ ನಿಂತು ಕರೆಯುತ್ತದೆ. ದೊಡ್ಡ ಪಿಟೀಲುಗಳು ಹೊದರು ಹೊದರಿನಲ್ಲಿ ಬಗ್ಗಿ ಹುಡುಕುತ್ತವೆ. ಆಡು ಮಾತ್ರ ಇನ್ನೊಂದು ಸಲ ಕೂಗುವುದೇ ಇಲ್ಲ. ಇದ್ದಕ್ಕಿದ್ದ ಹಾಗೆ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ಆಟವೆಂದರೆ ವ್ಯಾಕರಣ ಬಿಡುವುದಲ್ಲ. ಚೌಕಾಬಾರಕ್ಕಿಂತ ಕಟ್ಟುನಿಟ್ಟಾದ ವ್ಯಾಕರಣ ಎಲ್ಲಿದೆ? ಇಷ್ಟೇ ಮನೆ, ಇಂತಿಷ್ಟೇ ನಡೆ. ಆದರೆ ಕವಡೆ ಎಷ್ಟು ಬೀಳುತ್ತದೆ ಎಂಬುದನ್ನು ನಾವು ಬರೆದಿಡುವ ಹಾಗಿಲ್ಲ. ಬಿದ್ದದ್ದಕ್ಕೆ ಕಾಯಿ ನಡೆಸಬೇಕು, ಅದರಲ್ಲೇ ಎಲ್ಲ ಇದೆ. ಇಷ್ಟು ದಿನ ಕವಡೆಯನ್ನೂ ನಾನೇ ಬರೆಯುತ್ತಿದ್ದೆ.

ಮರು ಭಾನುವಾರ ಕಂಪಲಾಪುರಕ್ಕೆ ಹೋಗಿ, ಹಿಂದಿನ ವಾರ ಹೇಳದೆ ಹೋದದ್ದಕ್ಕೆ ತಪ್ಪಾಯಿತೆಂದು ಹೇಳಿ, ಹೊಸದನ್ನು ಊದಿಸಿದೆ. ಶ್ರಾವಣದಲ್ಲಿ ಮೈಸೂರಿಗೆ ಕಳಿಸಿದೆ. ಕೆಂಪು ಪೆನ್ಸಿಲಿನ ಉತ್ತರ ಬಂತು: ‘ಸ್ವೀಕರಿಸಿದ್ದೇನೆ. ಧನುರ್ಮಾಸದಲ್ಲಿ ಕಛೇರಿ. ಈ ಆಡು ನಿಮಗೆ ಎಲ್ಲಿ ಸಿಕ್ಕಿತು?’ ಎಲ್ಲಿ ಸಿಕ್ಕಿತೆಂದು ಬರೆದೆ. ಕ್ಲಾರಿಯೊನೆಟ್ಟಿನ ಪಾಲನ್ನು ಸಿದ್ದಪ್ಪನಿಂದಲೇ ಊದಿಸಬೇಕೆಂದೂ ಕೇಳಿಕೊಂಡೆ. ಆಗಲಿ, ಕುರ್ಚಿ ಹಾಕಿಸುತ್ತೇನೆ ಎಂದು ಹಿರಿಯರು ಒಪ್ಪಿದರು. ಆ ವಾಕ್ಯವನ್ನು ಸಿದ್ದಪ್ಪ ಪುಟ್ಟಸ್ವಾಮಿಯ ಕೈಲಿ ಮೂರು ಸಲ ಓದಿಸಿಕೊಂಡ. ಕೈಯಿದ್ದ ಕುರ್ಚಿಯೋ ಕೈಯಿಲ್ಲದ್ದೋ ಎಂದು ನನ್ನನ್ನು ಕೇಳಿದ.

ಕಾರ್ತಿಕ ಕಳೆಯುತ್ತ ಬಂದಾಗ ಒಂದು ಬುಧವಾರ ಪಿರಿಯಾಪಟ್ಟಣದ ಶಾಲೆಯ ಬಾಗಿಲಿಗೆ ಪುಟ್ಟಸ್ವಾಮಿ ಬಂದು ನಿಂತ. ವೀರನಹೊಸಹಳ್ಳಿಯ ಒಂದು ಮದುವೆಯಲ್ಲಿ, ದಿಬ್ಬಣದ ನಡುವೆ, ಸಿದ್ದಪ್ಪನ ಮೇಲಿನ ಮುಂದಿನ ಹಲ್ಲು ಬಿದ್ದುಹೋಯಿತಂತೆ. ಅದರ ಪಕ್ಕದ್ದನ್ನು ಅವನೇ ಕೀಳಿಸಿಕೊಂಡನಂತೆ. ಕ್ಲಾರಿಯೊನೆಟ್ ನಿಲ್ಲುವುದೇ ಆ ಹಲ್ಲುಗಳ ಆಸರೆಯ ಮೇಲೆ. ಅವು ಹೋದರೆ ಊದುವವನ ಕಥೆ ಮುಗಿದಂತೆ. "ಬೇರೆಯೋರ್ನ ನೋಡ್ಕಳಿ ಅಂತ ಏಳ್ಬುಟ್ಟು ಬಾ ಅಂದ್ರು. ಮಕ ತೋರ್ಸಕ್ಕೆ ಆಗಕಿಲ್ಲ ಅಂತವ್ರೆ" ಎಂದು ಪುಟ್ಟಸ್ವಾಮಿ ತಲೆ ತಗ್ಗಿಸಿದ. ಒಂದು ವಿಷಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಮಾತು ಕೇಳಿದಾಗ ನನಗೆ ಮೊದಲು ನೆನಪಾದದ್ದು ಸಿದ್ದಪ್ಪನ ಕುರ್ಚಿಯಲ್ಲ, ನನ್ನ ನಲವತ್ತೊಂದನೇ ಮನೆ. ಆ ಬಗ್ಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಸಿದ್ದಪ್ಪ ಬರಲಾರನೆಂದಷ್ಟೇ ಮೈಸೂರಿಗೆ ಬರೆದೆ. ವೃಂದದ ಕ್ಲಾರಿಯೊನೆಟ್ಟಿನವರೇ ನುಡಿಸುವುದೆಂದಾಯಿತು. ಅವರು ದೊಡ್ಡ ವಿದ್ವಾಂಸರು, ಸ್ವರ ಶುದ್ಧ, ಹಲ್ಲು ಇನ್ನೂ ಶುದ್ಧ. ಅಭ್ಯಾಸಕ್ಕೆ ನಾನೂ ಹೋಗಿ ಕೂತೆ. ನಲವತ್ತು ಮನೆ ಅದ್ಭುತವಾಗಿ ಬಂದವು. ನಲವತ್ತೊಂದರಲ್ಲಿ ಆಡು ಕುದುರೆಯಾಯಿತು. ಇನ್ನೊಮ್ಮೆ ಮಾಡಿದರು, ಕರುವಾಯಿತು. ಮೂರನೆಯ ಸಲ ಅದು ಆಡಿನ ವಿಷಯದಲ್ಲಿ ಪ್ರಬಂಧ ಬರೆದವರ ಹಾಗಿತ್ತು. ಹಿರಿಯರು ಕೋಲನ್ನು ಕೆಳಗಿಟ್ಟು, ಆ ಮನುಷ್ಯನನ್ನೇ ಕರೆದುಕೊಂಡು ಬನ್ನಿ, ಒಂದು ಮನೆಗಾದರೂ ಸರಿ ಎಂದರು. ಅವನಿಗೆ ಹಲ್ಲಿಲ್ಲ ಎಂದು ಹೇಳದೆ ನಾನು ಕಂಪಲಾಪುರದ ಬಸ್ಸು ಹತ್ತಿದೆ.

ಸಿದ್ದಪ್ಪ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದ. ನನ್ನನ್ನು ಕಂಡು ಟವಲ್ಲಿನಿಂದ ಬಾಯಿ ಮುಚ್ಚಿಕೊಂಡ. ನಾನು ಬಂದ ಕಾರಣ ಹೇಳಿದ ಮೇಲೆ ಮೊರವನ್ನು ಪಕ್ಕಕ್ಕಿಟ್ಟು ಟವಲ್ಲನ್ನು ತೆಗೆದ.

"ಅವತ್ತು ಪುಟ್ಸಾಮಿ ಆಡು ಅಂತ ಓದುದ್ದೂ ದಿಟ, ನನ್ನ ಅಲ್ಲು ಅಲ್ಲಾಡಿದ್ದೂ ದಿಟ. ನೀವು ಏಳ್ದಂಗೆ ನೆಟ್ಟಗೆ ಊದಾನ ಅಂತ್ಲೇ ಇಡ್ದೆ ಮೇಷ್ಟ್ರೇ, ಸೊರ ನಿಲ್ನಿಲ್ಲ. ಮೂವತ್ತು ವರ್ಸ ಊದ್ದೋನು, ಉಡುಗ್ರು ಮುಂದೆ ಸೊರ ಬುಟ್ರೆ ಮಾನ ಓಯ್ತದೆ. ಅದ್ಕೇ ಆಡು ಮಾಡ್ದೆ."

ನನ್ನ ರಚನೆಯೊಳಗೆ ಮೊದಲು ಕಾಲಿಟ್ಟ ಆಟ ಉಲ್ಲಾಸದಿಂದ ಹುಟ್ಟಿದ್ದಲ್ಲ. ಕೈಬಿಟ್ಟು ಹೋಗುತ್ತಿದ್ದ ಸ್ವರವನ್ನು ದಣಿದ ಮನುಷ್ಯನೊಬ್ಬ ಬೀಳುವುದಕ್ಕೆ ಮುಂಚೆ ಹಿಡಿದು, ಬೇಕೆಂದೇ ಎಸೆದೆ ಎನ್ನುವ ಹಾಗೆ ಎಸೆದದ್ದು. ನಾನು ನನ್ನ ದಣಿವನ್ನು ಅಷ್ಟು ವರ್ಷ ಜೋಪಾನವಾಗಿ ಬಸ್ಸಿನಲ್ಲಿ ಹೊತ್ತು ತಿರುಗಿದ್ದೆ, ಒಂದು ಸಲವಾದರೂ ಅದನ್ನು ಆಡು ಮಾಡಬಹುದೆಂದು ತೋಚಿರಲಿಲ್ಲ. ಸಿದ್ದಪ್ಪ ಒಳಗೆ ಹೋಗಿ ಕ್ಲಾರಿಯೊನೆಟ್ ತಂದ. ಬಟ್ಟೆಯಿಂದ ಒರೆಸಿ, ತುಟಿಗಿಟ್ಟು, ನೆಟ್ಟಗೆ ಒಂದು ಸ್ವರ ಹಿಡಿಯಲು ನೋಡಿದ. ಗಾಳಿ ಬಂತು. ಇನ್ನೊಮ್ಮೆ ನೋಡಿದ. ಆಸರೆಯಿಲ್ಲದ ಕೊಳವೆ ತುಟಿಯ ಮೇಲೆ ನಡುಗಿ, ಆಡು ಕೂಗಿತು. ಆಷಾಢದ್ದಕ್ಕಿಂತ ಚೆನ್ನಾಗಿ ಕೂಗಿತು. ಅವನಿಗೆ ಊದಲು ಉಳಿದಿದ್ದ ಸ್ವರ ಅದೊಂದೇ, ನನಗೆ ಬೇಕಾಗಿದ್ದದ್ದೂ ಅದೊಂದೇ. ಇಬ್ಬರೂ ಜಗಲಿಯ ಮೇಲೆ ಕೂತು ನಕ್ಕೆವು. ನಗುತ್ತ ನಗುತ್ತ ನನಗೆ ದುಃಖವಾಯಿತು, ಅವನಿಗೂ ಆಗಿರಬೇಕು.

ಕಛೇರಿಯ ಸಂಜೆ ನನ್ನ ಹಳೆಯ ಕರಿಯ ಕೋಟನ್ನು ಅವನು ತೊಟ್ಟಿದ್ದ, ತೋಳು ಗಿಡ್ಡವಾಗಿತ್ತು. ಕೈಯಿದ್ದ ಕುರ್ಚಿಯನ್ನೇ ಹಾಕಿದ್ದರು. ವಿದ್ವಾಂಸರ ಪಕ್ಕದಲ್ಲಿ, ಮೊಣಕಾಲು ಕೂಡಿಸಿಕೊಂಡು, ಕ್ಲಾರಿಯೊನೆಟ್ಟನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ಹತ್ತು ನಿಮಿಷದ ರಚನೆಯಲ್ಲಿ ಅವನ ಪಾಲಿಗಿದ್ದದ್ದು ಒಂದು ಮನೆ. ನಾನು ಎದುರಿಗೆ ಮೂರನೆಯ ಸಾಲಿನಲ್ಲಿದ್ದೆ. ಇಷ್ಟು ವರ್ಷ ಕೇಳಬೇಕೆಂದುಕೊಂಡಿದ್ದ ನನ್ನ ಸಂಗೀತ ನುಡಿಯಿತು, ನಾನು ಕೇಳಲಿಲ್ಲ. ಅವನ ತುಟಿಗಳನ್ನು ನೋಡುತ್ತಿದ್ದೆ. ಅವು ಒಂದೊಂದಾಗಿ ಮನೆ ಎಣಿಸುತ್ತಿದ್ದವು. ಮೂವತ್ತೊಂಬತ್ತು. ನಲವತ್ತು. ಎಲ್ಲ ನಿಂತಿತು. ಸಿದ್ದಪ್ಪ ಕ್ಲಾರಿಯೊನೆಟ್ ಎತ್ತಿದ, ಆಡು ಕೂಗಿತು.

ಸಭೆಯಲ್ಲಿ ಶಾಲು ಹೊದ್ದವರೊಬ್ಬರು ಕೆಮ್ಮಿದರು. ಆಮೇಲೆ ಹಿಂದುಗಡೆ ಎಲ್ಲೋ ಒಬ್ಬ ಹೆಂಗಸು ಕಿಸಕ್ಕೆಂದಳು, ಪಿಟೀಲುಗಳು ‘ಏನದು?’ ಎಂದು ಕೇಳುವಷ್ಟರಲ್ಲಿ ಇಡೀ ಸಭೆ ನಗುತ್ತಿತ್ತು. ಸಿದ್ದಪ್ಪ ನಗಲಿಲ್ಲ. ಕ್ಲಾರಿಯೊನೆಟ್ಟನ್ನು ಒರೆಸಿ ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯನ್ನೂ ಕುರ್ಚಿಯ ಕೈಗಳ ಮೇಲೆ ಚೆನ್ನಾಗಿ ಊರಿ, ಮಿಕ್ಕ ಮನೆಗಳೆಲ್ಲ ಮುಗಿಯುವವರೆಗೆ, ಕೂತವರ ಎದುರಿಗೆ ಕೂತಿದ್ದ. ಹೊರಗೆ ಬಂದ ಮೇಲೆ ಹೇಗಿತ್ತೆಂದು ಕೇಳಿದೆ. ಗೋಡೆ ಹಿಡಿದುಕೊಂಡು ಒಂದು ಕಾಲು ಕೊಡವುತ್ತ, "ಕುಂತ್ಕಂಡ್ರೆ ಕಾಲು ಜೋಮು ಇಡೀತದೆ ಕಣ್ರೀ ಮೇಷ್ಟ್ರೇ" ಎಂದ. ಆಮೇಲೆ, ಯಾರಿಗೂ ಕೇಳದ ಹಾಗೆ, "ಆದ್ರೂ ಆಗ್ಲಿ" ಎಂದ.

ಸೋಮವಾರ ನಾನು ಹುಣಸೂರಿನಲ್ಲಿ ಪ್ರಾರ್ಥನೆ ಹೇಳಿಕೊಟ್ಟೆ, ಶುಕ್ರವಾರ ಕೋಟೆಯ ಬಸ್ಸಿನಲ್ಲಿ ಕಂಬಿ ಹಿಡಿದು ತೂರಾಡಿದೆ. ದಣಿವು ಹೋಗಿಲ್ಲ; ಬೆಳಗ್ಗೆ ಕನ್ನಡಿಯಲ್ಲಿ ಅದೇ ಮೊದಲು ಏಳುತ್ತದೆ. ಸಿದ್ದಪ್ಪ ಈಗ ಬ್ಯಾಂಡಿನಲ್ಲಿ ತಾಳ ಹಾಕುತ್ತ ನಡೆಯುತ್ತಾನೆ, ಊದುವುದಿಲ್ಲ. ಮೊನ್ನೆ ಸಂತೆಗೆ ಬಂದವನು ಮನೆಗೆ ಬಂದಿದ್ದ. ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಲೋಟವನ್ನು ಮೇಜಿನ ಮೇಲಿಟ್ಟಾಗ, ಮೇಜು ವಾಲಿ ಲೋಟ ಒಂದು ಗೇಣು ಜಾರಿತು. ಕಾಲಿನ ಕೆಳಗಿದ್ದ ‘ಆಟವಿಲ್ಲ’ದ ಹಾಳೆಯನ್ನು ನಾನು ಹೋದ ತಿಂಗಳೇ ತೆಗೆದಿದ್ದೆ. "ಮೇಜು ಆಡ್ತದಲ್ಲ ಮೇಷ್ಟ್ರೇ, ಏನಾರ ಕೊಡಿ, ಸಂದಿಗೆ ಮಡಗ್ತೀನಿ" ಎಂದು ಅವನು ಬಗ್ಗಿದ.

"ಆಡ್ಲಿ ಬುಡಿ" ಎಂದೆ.

ಒಳಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಇಣುಕಿ ನನ್ನ ಮುಖ ನೋಡಿದಳು. ನಾನು ಹೇಳಿದ್ದು ಆಡಲಿ ಎಂದೋ, ಹಾಡಲಿ ಎಂದೋ, ಈಗ ಕೇಳಿದರೆ ನನಗೂ ಹೇಳಲು ಬರುವುದಿಲ್ಲ.